ಶೋಗೆ ಎರಡು ದಿನ ಇರುವಾಗ ಟಿಕೆಟ್ ಹಿಡಿಯುವುದು: ನನ್ನ ಅನುಭವ

ಹೋದ ತಿಂಗಳು ಒಂದು ಬ್ಯಾಂಡಿನ ಸಂಗೀತ ಶೋದಲ್ಲಿ ನಾನು ಕೂತಿದ್ದು ಕೆಳಗಿನ ಹಂತದಲ್ಲಿ, ಸ್ಟೇಜಿನ ಪಕ್ಕದ ಬ್ಲಾಕು, ಆರನೇ ಸಾಲು. ಡ್ರಮ್ಮರ್ ಹಾಡಿನ ಮಧ್ಯೆ ಮುರಿದ ಕೋಲನ್ನು ಹಿಂದಕ್ಕೆ ಎಸೆದು ಹೊಸದನ್ನು ಎಳೆದುಕೊಂಡಿದ್ದು ಕಣ್ಣಾರೆ ಕಂಡಿತು. ಪಕ್ಕದಲ್ಲಿದ್ದ ದಂಪತಿ ಸೇಲ್ ಶುರುವಾದ ದಿನವೇ ಟಿಕೆಟ್ ತೆಗೆದುಕೊಂಡಿದ್ದರಂತೆ. ಅವರು ಕೊಟ್ಟಿದ್ದರಲ್ಲಿ ಅರ್ಧದಷ್ಟೂ ನಾನು ಕೊಟ್ಟಿರಲಿಲ್ಲ. ‘ಬೆಲೆ ಇಳಿಯಲಿ ಅಂತ ನೀನು ಹೀಗೆ ಕೊನೇವರೆಗೆ ಕಾಯ್ತಾ ಕೂತರೆ ಗೇಟಿನ ಹೊರಗೆ ನಿಂತು ಕೇಳಬೇಕಾಗುತ್ತೆ’ ಎಂದು ಎರಡು ವರ್ಷದಿಂದ ಹೇಳುತ್ತಿದ್ದ ಗೆಳೆಯರು ಈಗ ‘ಹೇಗೆ ಮಾಡಿದೆ, ಹೇಳು’ ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹಣದ ವಿಷಯಕ್ಕೆ ಒಂದು ಮಾತು. ಊರಿಂದ ಊರಿಗೆ, ಬ್ಯಾಂಡಿಂದ ಬ್ಯಾಂಡಿಗೆ ರೇಟು ಬೇರೆ. ಹಾಗಾಗಿ ಟಿಕೆಟ್ ಮಾರುವ ಸೈಟಿನ ಫೀಸ್ ಸೇರಿಸದ ಅಸಲಿ ಬೆಲೆಯನ್ನು 100 ಅಂತ ಇಟ್ಟುಕೊಂಡು ಹೇಳುತ್ತೇನೆ. ನೀವು ನಿಮ್ಮ ಹಣಕ್ಕೆ ಹೊಂದಿಸಿಕೊಳ್ಳಿ. ಎಲ್ಲ ನೆನಪಿನ ಮೇಲೆ ಹೇಳುತ್ತಿರುವುದು, ಐದು ಹತ್ತು ಆಚೀಚೆ ಇರಬಹುದು.

ಮೊದಲು ಕಳೆದುಕೊಂಡಿದ್ದರ ಲೆಕ್ಕ. ನನ್ನ ಮೊದಲ ದೊಡ್ಡ ಶೋಗೆ ಸೇಲ್ ದಿನ 40 ನಿಮಿಷ ಮುಂಚೆಯೇ ಸೈಟಿನ ಆನ್‌ಲೈನ್ ವೇಟಿಂಗ್ ರೂಮಿನಲ್ಲಿ ಕೂತೆ. ಕ್ಯೂನಲ್ಲಿ ಬಂದ ನಂಬರು 18 ಸಾವಿರದ ಮೇಲೆ. ಒಳಗೆ ಹೋಗುವಷ್ಟರಲ್ಲಿ ಸೀಟ್ ಮ್ಯಾಪ್ ಪೂರ್ತಿ ಬೂದು ಬಣ್ಣ, ಅಂದರೆ ಕೊಳ್ಳಲು ಸಿಗದ ಸೀಟುಗಳು. ಉಳಿದಿದ್ದು ಬೇಡಿಕೆ ನೋಡಿ ಬೆಲೆ ಏರಿಸುವ ಸೀಟುಗಳು ಮಾತ್ರ. ಕೈ ನಡುಗುತ್ತಿತ್ತು, ಟೈಮರ್ ಓಡುತ್ತಿತ್ತು. 240 ಕೊಟ್ಟು ಒತ್ತಿಬಿಟ್ಟೆ. ಫೀಸ್ ಸೇರಿ 270 ಆಯಿತು. ಒಂದು ವಾರದಲ್ಲಿ ಅದೇ ಅರೀನಾದಲ್ಲಿ ಎರಡನೇ ರಾತ್ರಿ ಘೋಷಣೆಯಾಯಿತು. ಶೋ ಹತ್ತಿರ ಬಂದಾಗ ನನ್ನದೇ ಬ್ಲಾಕಿನ ಸೀಟು ರೀಸೇಲಿನಲ್ಲಿ, ಅಂದರೆ ಕೊಂಡವರು ಮತ್ತೆ ಮಾರುವ ಕಡೆ, 80ಕ್ಕೆ ಬಿದ್ದಿತ್ತು. ಆ ರಾತ್ರಿ ಹಾಡು ಕೇಳುವಾಗಲೂ ಹೆಚ್ಚಿಗೆ ಕೊಟ್ಟ 190 ತಲೆಯಲ್ಲಿ ಕೊರೆಯುತ್ತಿತ್ತು.

ಇದು ನನ್ನೊಬ್ಬನ ಕಥೆಯಲ್ಲ. 2024ರಲ್ಲಿ ಓಯಸಿಸ್ ಬ್ಯಾಂಡು ಮತ್ತೆ ಒಂದಾದಾಗ ಬ್ರಿಟನ್ನಿನಲ್ಲಿ ಇದೇ ಆಗಿದ್ದು. ಸುಮಾರು 150 ಪೌಂಡಿನ ನಿಂತು ನೋಡುವ ಟಿಕೆಟ್, ಜನ ಗಂಟೆಗಟ್ಟಲೆ ಕ್ಯೂನಲ್ಲಿದ್ದು ಒಳಗೆ ಬರುವಷ್ಟರಲ್ಲಿ 350 ದಾಟಿತ್ತು. ಅಷ್ಟು ಹೊತ್ತು ಕಾದವನು ಬರಿಗೈಯಲ್ಲಿ ಎದ್ದು ಹೋಗಲ್ಲ, ಕೊಟ್ಟೇ ಕೊಡುತ್ತಾನೆ.

ಎರಡನೇ ಏಟು ನಕಲಿ ಟಿಕೆಟ್ಟಿನದು. ಪರಿಚಯದವರ ಪರಿಚಯ ಎಂದು ನಂಬಿ ಎರಡು ಟಿಕೆಟ್ಟಿಗೆ 130 ಕೊಟ್ಟು ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ಗೇಟಿನಲ್ಲಿ ಕೆಂಪು ದೀಪ. ಅದೇ ಬಾರ್‌ಕೋಡ್ ಆಗಲೇ ಒಳಗೆ ಹೋಗಿತ್ತು. ನನ್ನ ತಮ್ಮ ಜೊತೆಗಿದ್ದ, ಅವನ ಮೊದಲ ಶೋ ಅದು. ಅವನ ಮುಖ ಇವತ್ತಿಗೂ ಮರೆತಿಲ್ಲ. ಈಗ ಎಷ್ಟೋ ಕಡೆ ಬಾರ್‌ಕೋಡ್ ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಸ್ಕ್ರೀನ್‌ಶಾಟ್ ಯಾವ ಕೆಲಸಕ್ಕೂ ಬಾರದು. ಆ್ಯಪ್ ಒಳಗೇ ನನ್ನ ಹೆಸರಿಗೆ ವರ್ಗಾವಣೆ ಆಗುವ ಟಿಕೆಟ್ ಬಿಟ್ಟು ಬೇರೆಯದನ್ನು ಆಮೇಲೆ ಮುಟ್ಟಿಲ್ಲ.

ಮೂರನೇ ಸಲ ಕಾಯುವುದನ್ನೇ ತಪ್ಪಾಗಿ ಕಾದೆ. ಶನಿವಾರ, ಒಂದೇ ರಾತ್ರಿ, ಅದೂ ಬ್ಯಾಂಡಿನ ವಿದಾಯದ ಟೂರ್. ಬೆಲೆ ಇಳಿಯುತ್ತೆ ಇಳಿಯುತ್ತೆ ಎಂದು ಬಾಗಿಲ ಹತ್ತಿರವೇ ನಿಂತಿದ್ದೆ. ಮಧ್ಯಾಹ್ನ 120 ಇದ್ದದ್ದು ಸಂಜೆ 200, ಆಮೇಲೆ ಲಿಸ್ಟಿಂಗೇ ಖಾಲಿ. ಗೋಡೆಯಾಚೆಯಿಂದ ಬೇಸ್ ಮಾತ್ರ ಕೇಳಿಸಿಕೊಂಡು ವಾಪಸ್ ಬಂದೆ. ಅಂಥ ಶೋಗೆ ಕಾಯಬಾರದು, ಎಲ್ಲರಿಗೂ ಸೇಲ್ ತೆರೆಯುವ ಮುಂಚಿನ ಪ್ರೀಸೇಲಿನಲ್ಲೇ ಅಸಲಿ ಬೆಲೆಗೆ ತೆಗೆದುಕೊಂಡುಬಿಡಬೇಕು. ಕಾಯುವುದಿದ್ದರೆ ವಾರದ ಮಧ್ಯದ ರಾತ್ರಿಗೆ, ಎರಡು ಮೂರು ಶೋ ಇರುವ ಕಡೆ, ಅದರಲ್ಲೂ ಆಮೇಲೆ ಸೇರಿಸಿದ ರಾತ್ರಿಗೆ ಕಾಯಬೇಕು.

ಈಗ ಕೆಲಸ ಮಾಡಿದ ದಾರಿಗೆ ಬರುತ್ತೇನೆ. ಸ್ಟೇಜು, ಸ್ಪೀಕರ್, ಕ್ಯಾಮೆರಾ, ಸೌಂಡ್ ಡೆಸ್ಕ್ ಎಲ್ಲಿ ಎಷ್ಟು ಜಾಗ ಹಿಡಿಯುತ್ತೆ ಎನ್ನುವುದು ಶೋ ಹತ್ತಿರ ಬರುವವರೆಗೂ, ಕೆಲವು ಸಲ ಲಾರಿಗಳಿಂದ ಸಾಮಾನು ಇಳಿದು ಕಟ್ಟುವವರೆಗೂ ಪಕ್ಕಾ ಆಗಲ್ಲ. ಅದಕ್ಕೆ ಆ ಸುತ್ತಿನ ಸೀಟುಗಳನ್ನು ಮಾರದೆ ಇಟ್ಟುಕೊಂಡಿರುತ್ತಾರೆ. ಬ್ಯಾಂಡಿನವರಿಗೆ, ಅತಿಥಿಗಳಿಗೆ ಅಂತ ಇಟ್ಟದ್ದೂ ಇರುತ್ತದೆ. ಬೇಡ ಅನ್ನಿಸಿದ್ದನ್ನು ಕೊನೆಯ ಎರಡು ಮೂರು ದಿನದಲ್ಲಿ, ಕೆಲವು ಸಲ ಶೋ ದಿನ ಮಧ್ಯಾಹ್ನವೇ, ಅಸಲಿ ಬೆಲೆಗೆ ಬಿಡುತ್ತಾರೆ. ಇದು ನಿಮ್ಮಲ್ಲಿ ತುಂಬ ಜನಕ್ಕೆ ಗೊತ್ತು. ಅದು ಬಿಟ್ಟ ಗಳಿಗೆಯಲ್ಲಿ ರೀಸೇಲಿನಲ್ಲಿ ಏನಾಗುತ್ತೆ ಎನ್ನುವುದನ್ನು ಮಾತ್ರ ನನಗೆ ಗೊತ್ತಿದ್ದವರು ಯಾರೂ ಕೂತು ನೋಡಿರಲಿಲ್ಲ. ನಾನು ನೋಡಿದೆ. 14 ಶೋಗಳ ಮ್ಯಾಪನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದರಲ್ಲಿ 10 ಅಥವಾ 11ರಲ್ಲಿ ಹೊಸ ಸೀಟು ಬಿಟ್ಟಿದ್ದರು.

ಹೋದ ತಿಂಗಳದ್ದನ್ನೇ ಹೇಳುತ್ತೇನೆ. ಮಂಗಳವಾರದ ಶೋ, ಆಮೇಲೆ ಸೇರಿಸಿದ ರಾತ್ರಿ. ಭಾನುವಾರ ರಾತ್ರಿ ನನಗೆ ಬೇಕಾದ ಬ್ಲಾಕಿನಲ್ಲಿ ನಾಲ್ಕು ಸೀಟು, ಎಲ್ಲ ರೀಸೇಲು, 140ರ ಸುತ್ತ. ಸೋಮವಾರ ಬೆಳಿಗ್ಗೆ ಅದೇ ನಾಲ್ಕು. ಮಧ್ಯಾಹ್ನ ಮೂರು ಗಂಟೆ ದಾಟಿ ಹತ್ತು ನಿಮಿಷ ಆಗಿರಬೇಕು, ಮ್ಯಾಪ್ ಮತ್ತೆ ತೆರೆದರೆ ಎರಡು ಪೂರ್ತಿ ಸಾಲು ನೀಲಿಯಾಗಿದ್ದವು. ‘ಅಣ್ಣ, ಬಿಟ್ಟರು, ಬೇಗ ತಗೋ’ ಅಂದ ತಮ್ಮ. ನಾನು ತೆಗೆದುಕೊಳ್ಳಲಿಲ್ಲ. ರೀಸೇಲಿನ ಆ ನಾಲ್ಕು ಸೀಟಿನ ಮೇಲೆ ಕಣ್ಣಿಟ್ಟೆ. ಪಕ್ಕದಲ್ಲೇ 100ಕ್ಕೆ ಸೀಟು ಸಿಗುವಾಗ 140 ಯಾರು ಕೊಡುತ್ತಾರೆ? ಸಂಜೆಗೆ 95 ಆಯಿತು. ರಾತ್ರಿ 72. ಶೋ ದಿನ ಮಧ್ಯಾಹ್ನ ಒಂದು ಒಂಟಿ ಸೀಟು 48ಕ್ಕೆ ಇಳಿಯಿತು, ಫೀಸ್ 7. ಒಟ್ಟು 55. ಪಕ್ಕದ ದಂಪತಿ ಫೀಸ್ ಸೇರಿ ತಲೆಗೆ 115ರ ಹತ್ತಿರ ಕೊಟ್ಟಿದ್ದರು.

ಶೋ ಶುರುವಾದ ಮೇಲೆ ಮಾರುವವನ ಕೈಯಲ್ಲಿರುವ ಟಿಕೆಟ್ಟಿಗೆ ಸೊನ್ನೆ ಬೆಲೆ. ಅದು ಅವನಿಗೂ ಗೊತ್ತು. ಒಂದಷ್ಟು ಟಿಕೆಟ್ ಇಟ್ಟುಕೊಂಡವನು ಒಬ್ಬ ಇಳಿಸಿದರೆ ಸಾಕು, ಮಿಕ್ಕವರು ಅವನ ಹಿಂದೆಯೇ ಇಳಿಸುತ್ತಾರೆ. ಒಂಟಿ ಸೀಟು ಎಲ್ಲಕ್ಕಿಂತ ಮೊದಲು ಬೀಳುತ್ತದೆ, ಏಕೆಂದರೆ ಜನ ಜೋಡಿಯಾಗಿ ಬರುತ್ತಾರೆ. ತಮ್ಮ ಅವತ್ತು ನನ್ನ ಹಿಂದೆ ಐದು ಸಾಲು ಮೇಲೆ ಕೂತ, 60ಕ್ಕೆ. ಹಾಡು ಕೇಳುವಾಗ ಮಾತಾಡಲ್ಲ ಅಲ್ವಾ, ಬೇರೆ ಬೇರೆ ಕೂತರೆ ನಷ್ಟ ಏನಿಲ್ಲ.

ಮ್ಯಾಪಿನಲ್ಲಿ ಯಾವ ಬೂದು ಸೀಟು ಮಾರಾಟವಾದದ್ದು, ಯಾವುದು ತಡೆದಿಟ್ಟದ್ದು ಎಂದು ಮೊದಲೇ ಗುರುತಿಸಲು ಒಂದು ಉಪಾಯ ಇದೆ. ಅರ್ಧ ಹೇಳುತ್ತೇನೆ. ಜನ ಕೊಂಡ ಸೀಟುಗಳು ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲಲ್ಲಿ ಒಂಟಿ ಜಾಗ ಬಿಟ್ಟಿರುತ್ತವೆ. ತಡೆದಿಟ್ಟದ್ದು ಗೆರೆ ಎಳೆದ ಹಾಗೆ ನೆಟ್ಟಗಿರುತ್ತದೆ. ಉಳಿದರ್ಧ ನನ್ನ ಹತ್ತಿರವೇ ಇರಲಿ, ಎಲ್ಲರೂ ಅದೇ ಬ್ಲಾಕಿಗೆ ಬಂದರೆ ನನಗೆ ಸೀಟು ಸಿಗಲ್ಲ. ಯಾವ ಗಂಟೆಗೆ ನೋಡುತ್ತೇನೆ ಎನ್ನುವುದನ್ನೂ ಹೇಳಲ್ಲ.

ಕ್ಯೂ ಬಗ್ಗೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಐದು ಸೇಲ್‌ಗಳಲ್ಲಿ ನನ್ನ ತಮ್ಮ ಕೂತದ್ದು ಮೊಬೈಲ್ ಡೇಟಾದಲ್ಲಿ, ನಾನು ಲ್ಯಾಪ್‌ಟಾಪಿನಲ್ಲಿ. ಅವನು ಒಂದು ಗಂಟೆ ಮುಂಚೆ, ನಾನು ಹತ್ತು ನಿಮಿಷ ಮುಂಚೆ. ಮೂರು ಸಲ ನನ್ನ ನಂಬರೇ ಚೆನ್ನಾಗಿತ್ತು. ಎಷ್ಟೋ ಕಡೆ ಸೇಲ್ ತೆರೆದ ಕ್ಷಣದಲ್ಲಿ ಒಳಗಿದ್ದವರಿಗೆಲ್ಲ ಚೀಟಿ ಎತ್ತಿದ ಹಾಗೆ ನಂಬರ್ ಬರುತ್ತದೆ, ಬೇಗ ಬಂದದ್ದಕ್ಕೆ ಲಾಭವಿಲ್ಲ. ಆದರೆ ಒಂದು ಸಂಗತಿ ಸಿಕ್ಕಿತು. ಮೊದಲ ನುಗ್ಗಾಟದಲ್ಲಿ ಪೇಮೆಂಟ್ ಮುಗಿಸಲಾಗದವರ ಸೀಟುಗಳು ಹತ್ತು ಹದಿನೈದು ನಿಮಿಷದಲ್ಲಿ ವಾಪಸ್ ಬರುತ್ತವೆ. ಎರಡು ಸಲ ಅಲ್ಲೇ ಅಸಲಿ ಬೆಲೆಗೆ ಮುಂದಿನ ಸಾಲು ಹಿಡಿದೆ.

ಸೀಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಫ್ಲೋರಿನ, ಅಂದರೆ ಸ್ಟೇಜಿನ ಎದುರಿನ ಸಮತಟ್ಟು ಜಾಗದ, ಹಿಂದಿನ ಅರ್ಧಕ್ಕೆ ದುಡ್ಡು ಸುರಿಯಬೇಡಿ, ಮುಂದಿನವರ ತಲೆ ಮತ್ತು ಫೋನ್ ಬಿಟ್ಟು ಏನೂ ಕಾಣಲ್ಲ. ಮೇಲಿನ ಹಂತದ ಮೊದಲ ಸಾಲು, ಸೌಂಡ್ ಡೆಸ್ಕಿನ ನೇರಕ್ಕೆ ಸಿಕ್ಕರೆ ಬಿಡಬೇಡಿ. ಸೌಂಡ್ ಇಂಜಿನಿಯರ್ ಆ ಡೆಸ್ಕಿನಲ್ಲಿ ಕೂತು ತನ್ನ ಕಿವಿಗೆ ಒಪ್ಪುವ ಹಾಗೆ ಹದ ಮಾಡುತ್ತಾನೆ, ಆ ನೇರಕ್ಕೆ ಕೂತವರಿಗೆ ಅದರ ಪಾಲು ಸಿಗುತ್ತದೆ. ಸ್ಟೇಜಿನ ಹಿಂದಿನ ‘ಕಾಣಿಸದ’ ಸೀಟು ಒಮ್ಮೆ 30ಕ್ಕೆ ಕೊಂಡೆ. ವಿಡಿಯೋ ಪರದೆ ಕಾಣಲಿಲ್ಲ, ದನಿ ಮಸುಕು, ಆದರೆ ಬ್ಯಾಂಡು ಇಳಿದು ಹೋಗುವ ದಾರಿ ಎದುರಿಗೇ ಇತ್ತು. ಮೆಟಾಲಿಕಾ ಬ್ಯಾಂಡಿನ ಹಾಗೆ ನಟ್ಟನಡುವೆ ಸ್ಟೇಜ್ ಹಾಕುವವರ ಶೋದಲ್ಲಿ ಹಿಂದು ಮುಂದು ಎಂಬುದೇ ಇಲ್ಲ, ಅಲ್ಲಿ ಅತಿ ಅಗ್ಗದ ಬ್ಲಾಕನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಿ.

ಫೀಸ್ ಕಡೆ ಗಮನ ಇರಲಿ. 2023ರಲ್ಲಿ ದಿ ಕ್ಯೂರ್ ಬ್ಯಾಂಡು ಅಮೆರಿಕದಲ್ಲಿ 20 ಡಾಲರಿನ ಟಿಕೆಟ್ ಇಟ್ಟಿತ್ತು. ಕೆಲವರಿಗೆ ಫೀಸ್ ಟಿಕೆಟ್ಟಿಗಿಂತ ಜಾಸ್ತಿ ಬಂತು. ಗಾಯಕ ರಾಬರ್ಟ್ ಸ್ಮಿತ್ ಜಗಳಕ್ಕೆ ನಿಂತು, ಅಗ್ಗದ ಟಿಕೆಟ್ ಕೊಂಡವರಿಗೆ 10 ಡಾಲರ್, ಮಿಕ್ಕವರಿಗೆ 5 ಡಾಲರ್ ವಾಪಸ್ ಕೊಡಿಸಿದರು. ನಮಗಾಗಿ ಎಲ್ಲ ಬ್ಯಾಂಡೂ ಹಾಗೆ ಜಗಳ ಆಡಲ್ಲ. ಅರೀನಾದ ಟಿಕೆಟ್ ಕಿಟಕಿಯಲ್ಲೇ ಕೊಂಡರೆ ಎಷ್ಟೋ ಸಲ ಫೀಸ್ ಉಳಿಯುತ್ತದೆ. ನಾನು ನಾಲ್ಕು ಶೋಗಳಿಗೆ ಹಾಗೆ ಮಾಡಿ ಒಟ್ಟು 60ರಷ್ಟು ಉಳಿಸಿದೆ. ಬ್ಯಾಂಡು ತಾನೇ ಇಡುವ ಅಗ್ಗದ ಟಿಕೆಟ್ಟನ್ನೂ ಹುಡುಕಿ. ಕೋಲ್ಡ್‌ಪ್ಲೇ ಬ್ಯಾಂಡು 20 ಡಾಲರಿನ ಆಸುಪಾಸಿಗೆ ‘ಇನ್ಫಿನಿಟಿ’ ಟಿಕೆಟ್ ಬಿಡುತ್ತಿತ್ತು. ಜೋಡಿಯಾಗಿಯೇ ಕೊಳ್ಳಬೇಕಿತ್ತು, ಸೀಟು ಎಲ್ಲಿ ಎಂದು ಶೋ ದಿನ ಟಿಕೆಟ್ ಕೈಗೆ ಬಂದಾಗಲೇ ತಿಳಿಯುತ್ತಿತ್ತು.

ಈ ದಾರಿ ಹಿಡಿದ ಮೇಲೆ ಒಂಬತ್ತು ಶೋ ನೋಡಿದ್ದೇನೆ. ಸರಾಸರಿ 65ರ ಹತ್ತಿರ ಬಂದಿದೆ. ಒಮ್ಮೆ ಮಾತ್ರ ಬೆಲೆ ಇಳಿಯದೆ 105 ಕೊಟ್ಟೆ. ಮುಂದಿನದು ಬುಧವಾರದ ಶೋ. ‘ಗೇಟಿನ ಹೊರಗೆ’ ಅಂದಿದ್ದ ಗೆಳೆಯರಲ್ಲಿ ಇಬ್ಬರು ಈ ಸಲ ನಮ್ಮ ಜೊತೆ ಬರುತ್ತಿದ್ದಾರೆ. ನಾಲ್ಕು ಸೀಟು ಒಟ್ಟಿಗೆ ಹುಡುಕಲ್ಲ, ಎರಡು ಮತ್ತು ಎರಡು. ಸೋಮವಾರ ಬೆಳಿಗ್ಗೆಯಿಂದ ಮ್ಯಾಪ್ ತೆರೆದಿಡುತ್ತೇನೆ.