ಬೋರ್ಡೋಗೆ ರಾಳದ ಸೋಪು: ಎರಡೇ ಸಲಕ್ಕೆ ಕೊಳೆ ನಿಂತಿತು

ಈ ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟಕ್ಕೆ ಕಾಯಿ ಉದುರಿಸುವ ಕೊಳೆ ರೋಗದ ಔಷಧಿ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣ, ಹೊಡೆಸಿದ್ದು ಎರಡೇ ಸಲ. ಊರಲ್ಲಿ ಮೂರು ಸಲ ಹೊಡೆಸಿದವರು ಬೇಕಾದಷ್ಟು ಜನ ಇದ್ದಾರೆ. ನಾಲ್ಕನೇ ಸಲಕ್ಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಗದೆ ಕೈಬಿಟ್ಟವರೂ ಇದ್ದಾರೆ. ನನ್ನಲ್ಲಿ ಒಂದು ಕಾಯಿಯೂ ಉದುರಲಿಲ್ಲ ಅಂತ ಹೇಳುವುದಿಲ್ಲ. ಆದರೆ ಬುಟ್ಟಿ ಹಿಡಿದು ಹೆಕ್ಕುವಷ್ಟು ಬೀಳಲಿಲ್ಲ. ಶಿರಸಿ ಕಡೆಯ ಮಳೆ ಕಂಡವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗುತ್ತದೆ.

ಬೋರ್ಡೋ ಮಾಡುವ ಕ್ರಮ ಇಲ್ಲಿ ಬರೆಯುವುದಿಲ್ಲ. 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಕಡೆಗೆ ಕತ್ತಿ ಅದ್ದಿ ನೋಡುವುದು, ಕೆಂಪಾದರೆ ಸುಣ್ಣ ಸಾಲದು ಅಂತ. ಇದು ಅಡಿಕೆ ಮನೆಯ ಮಕ್ಕಳಿಗೂ ಗೊತ್ತು. ಫ್ರಾನ್ಸಿನಲ್ಲಿ ದ್ರಾಕ್ಷಿಯ ರೋಗಕ್ಕೆ ಅಂತ 1885ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ತಿಳಿಸಿಕೊಟ್ಟ ಔಷಧಿ ಇದು. ಕೆನಡಾದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಕೊಳೆ ಎಂಥ ರೋಗಾಣುವಿನಿಂದ ಬರುತ್ತದೆ ಅಂತ ಹುಡುಕಿ, ಇದೇ ಔಷಧಿಯನ್ನು ಅಡಿಕೆಗೆ ಹೊಡೆಯಲು ಹೇಳಿದರು. ಅದಕ್ಕೂ ಮುಂಚೆ ನಮ್ಮ ಹಿರಿಯರು ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದರು. ನೂರು ವರ್ಷದ ಮೇಲಾಯಿತು, ಔಷಧಿ ಅದೇ. ತಾಪತ್ರಯವೂ ಅದೇ. ಹೊಡೆದು ಒಣಗುವ ಮೊದಲು ಮಳೆ ಹುಯ್ದರೆ ದುಡ್ಡು ನೀರಿಗೆ ಹೋಯಿತು. ಒಣಗಿದರೂ 40–45 ದಿನಕ್ಕೆ ಮತ್ತೆ ಹೊಡೆಯಬೇಕು.

ಔಷಧಿ ಕಚ್ಚಿಕೊಳ್ಳಲಿ ಅಂತ ಅಂಗಡಿಯಲ್ಲಿ ಸಿಗುವ ಅಂಟು ಎರಡು ಮೂರು ಬಗೆಯದ್ದು ಹಾಕಿ ನೋಡಿದ್ದೆ. ಕೆಲವು ಎಲೆಯ ಮೇಲೆ ಚೆನ್ನಾಗಿ ಹರಡುತ್ತವೆ, ಆದರೆ ಜಡಿಮಳೆಗೆ ನಿಲ್ಲುವುದಿಲ್ಲ. ಹರಡುವುದು ಬೇರೆ, ಹಿಡಿದುಕೊಳ್ಳುವುದು ಬೇರೆ. ರಾಳದ ವಿಚಾರ ತಲೆಗೆ ಬಂದದ್ದು ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಕೆಲಸ ಮಾಡಿ ನಿವೃತ್ತರಾದ ನಮ್ಮ ಮಾವನಿಂದ. ಕಾಗದದ ಮೇಲೆ ಶಾಯಿ ಹರಡದೆ ಇರಲಿ ಅಂತ ತಿರುಳಿಗೆ ರಾಳದ ಸೋಪು ಹಾಕಿ, ಮೇಲೆ ಪಟಿಕ ಬಿಡುತ್ತಾರಂತೆ. ಸೋಪು ನೀರಲ್ಲಿ ಕರಗುತ್ತದೆ. ಪಟಿಕ ಸೇರಿದ ಕೂಡಲೇ ಕರಗದ ವಸ್ತುವಾಗಿ ನಾರಿಗೆ ಕಚ್ಚಿಕೊಳ್ಳುತ್ತದೆ. ಹಾಗಾದರೆ ನಮ್ಮ ಡ್ರಮ್ಮಿನಲ್ಲಿ ಸುಣ್ಣವೂ ಇದೆ, ತಾಮ್ರವೂ ಇದೆ, ಅವೂ ಪಟಿಕದ ಕೆಲಸ ಮಾಡಬೇಕಲ್ವಾ? ಮಾಡುತ್ತವೆ. ಔಷಧಿ ಒಣಗಿದ ಮೇಲೆ ನೀರಿಗೆ ಕರಗದ ಒಂದು ತೆಳು ಪದರ ಕಾಯಿಯ ಮೇಲೆ ಕೂರುತ್ತದೆ.

ಪಕ್ಕದ ಮನೆ ಭಾವ ನಕ್ಕಿದ್ದ. "ಮಾರಾಯ, ಸೋಪಿನ ನೀರು ಸೇರಿಸಿದ್ರೆ ಇದ್ದ ಔಷಧಿಯೂ ತೊಳೆದು ಹೋಗ್ತು" ಅಂದ. ಔಷಧಿ ಅಂಗಡಿಯವರೂ ಬೇಡ ಅಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಬಟ್ಟೆ ಸೋಪು ಹಾಕಿದರೆ ಹಾಗೆಯೇ ಆಗಬಹುದು. ರಾಳದ ಸೋಪಿನ ಗುಣ ಬೇರೆ.

ಈಗ ಲೆಕ್ಕ. 200 ಲೀಟರಿನ ಒಂದು ಡ್ರಮ್ಮಿಗೆ ಸುಮಾರು 1 ಕೆಜಿ ರೋಸಿನ್, ಅಂದರೆ ಪೈನ್ ಮರದ ರಾಳ. ಅರ್ಧ ಕೆಜಿ ಹರಳಿನ ವಾಷಿಂಗ್ ಸೋಡಾ, 4–5 ಲೀಟರ್ ನೀರು. ಇಲ್ಲೇ ಹೆಚ್ಚಿನವರು ಎಡವುವುದು. ಅಂಗಡಿಯಲ್ಲಿ ಸೋಡಾ ಅಂದರೆ ಹರಳನ್ನೂ ಕೊಡುತ್ತಾರೆ, ಸೋಡಾ ಆಶ್ ಪುಡಿಯನ್ನೂ ಕೊಡುತ್ತಾರೆ. ವಸ್ತು ಒಂದೇ, ಆದರೆ ಹರಳಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಗಾಜಿನ ಕಾರ್ಖಾನೆಗೆ, ಡಿಟರ್ಜೆಂಟಿಗೆ ಹೋಗುವ ಸೋಡಾ ಆಶ್ ಆದರೆ 200 ಗ್ರಾಮಿನೊಳಗೆ ಸಾಕು. ಅದನ್ನೇ ಅರ್ಧ ಕೆಜಿ ಸುರಿದರೆ ಸೋಡಾ ಉಳಿದುಬಿಡುತ್ತದೆ, ದ್ರಾವಣದ ಹದ ಕೆಡುತ್ತದೆ. ಕಾಸ್ಟಿಕ್ ಸೋಡಾ ಹಾಕಿದರೆ ಬೇಗ ಆಗುತ್ತದೆ ನಿಜ. ನಾನು ಮಾಡಿ ನೋಡಿದೆ, ಬಿಟ್ಟೆ. ಕೈ ಸುಡುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗುತ್ತದೆ. ತೋಟದ ಕೆಲಸಕ್ಕೆ ಅದು ಬೇಡ.

ಕುದಿಸುವುದನ್ನು ಮಾತ್ರ ಮನೆಯೊಳಗೆ ಮಾಡಬೇಡಿ. ಅಂಗಳದಲ್ಲಿ ಒಲೆ ಹೂಡಿ, ಹಳೆ ಕಬ್ಬಿಣದ ಬಾಣಲೆ ಇಡಿ. ಸೋಡಾ ನೀರು ಕುದಿ ಬಂದ ಮೇಲೆ ರಾಳವನ್ನು ಪುಡಿ ಮಾಡಿ ಹಿಡಿ ಹಿಡಿಯಾಗಿ ಹಾಕಿ. ಹಾಕಿದ ಕ್ಷಣಕ್ಕೆ ನೊರೆ ಏಳುತ್ತದೆ. ಸುಮ್ನೆ ಏಳುವುದಲ್ಲ, ಬಾಣಲೆ ಅರ್ಧಕ್ಕಿಂತ ಜಾಸ್ತಿ ತುಂಬಿದ್ದರೆ ಉಕ್ಕಿ ಒಲೆಗೇ ಬೀಳುತ್ತದೆ. ಪಕ್ಕದಲ್ಲಿ ತಣ್ಣೀರಿನ ಚೊಂಬು ಇರಲಿ, ಎದ್ದಾಗ ಸ್ವಲ್ಪ ಚಿಮುಕಿಸಿ. ಮೊದಲು ರಾಳ ಹಳದಿ ಮುದ್ದೆಯಾಗಿ ಸೌಟಿಗೆ ಸುತ್ತಿಕೊಳ್ಳುತ್ತದೆ. ಕೆಟ್ಟುಹೋಯಿತು ಅಂತ ಅನ್ನಿಸುವುದು ಆಗಲೇ. ಒಂದು ಗಂಟೆ, ಒಂದೂವರೆ ಗಂಟೆ ಬಿಡದೆ ಕಲಕಿದರೆ ಮುದ್ದೆ ಕರಗಿ ಟೀ ಡಿಕಾಕ್ಷನ್ ಹಾಗೆ ತಿಳಿ ಕಂದು ಬಣ್ಣಕ್ಕೆ ಬರುತ್ತದೆ. ಒಂದು ಚಮಚ ತೆಗೆದು ಲೋಟದ ನೀರಿಗೆ ಬಿಡಿ. ಎಳೆ ಎಳೆಯಾಗಿ ತೇಲಿದರೆ ಇನ್ನೂ ಆಗಿಲ್ಲ. ಪೂರ್ತಿ ಬೆರೆತರೆ ಇಳಿಸಬಹುದು.

ಇದನ್ನು ಯಾವಾಗ ಸೇರಿಸಬೇಕು ಅನ್ನುವುದರಲ್ಲೇ ನನ್ನ ಮೊದಲ ವರ್ಷ ಕಳೆಯಿತು. ಸುಣ್ಣದ ತಿಳಿಗೆ ಹಾಕಿದರೆ ಒಡೆದ ಹಾಲಿನಂತೆ ಗಂಟು ಕಟ್ಟಿ ನಾಝಲ್ ಮುಚ್ಚಿತು. ಕೊನೆಗೌಡ ಮರದ ಮೇಲೆ, ಪಂಪ್ ಕೆಳಗೆ ಒದರುತ್ತಿದೆ, ಔಷಧಿ ಬರುತ್ತಿಲ್ಲ. ಆ ದಿನದ ಕೂಲಿ ಪೂರ್ತಿ ದಂಡ. ಮೈಲುತುತ್ತದ ನೀರಿಗೆ ಹಾಕಿದರೆ ಇನ್ನೂ ಕಷ್ಟ. ಬೋರ್ಡೋ ಪೂರ್ತಿ ಆಗಿ, ಕತ್ತಿ ಪರೀಕ್ಷೆಯೂ ಮುಗಿದ ಮೇಲೆ, ಸೋಪನ್ನು ಒಂದು ಬಕೆಟ್ ನೀರಲ್ಲಿ ತೆಳು ಮಾಡಿ ಸಣ್ಣ ಧಾರೆಯಲ್ಲಿ ಬಿಡಬೇಕು. ಕೋಲು ತಿರುಗುತ್ತಲೇ ಇರಬೇಕು. ಆ ಬಕೆಟ್ಟಿಗೆ ನಾನು ಇನ್ನೊಂದು ವಸ್ತು ಸ್ವಲ್ಪ ಹಾಕುತ್ತೇನೆ. ಅದು ಅಡುಗೆಮನೆಯಲ್ಲೇ ಸಿಗುವಂಥದ್ದು. ಅದೊಂದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಇನ್ನೊಂದು ಮಳೆಗಾಲ ನೋಡಿ ಹೇಳುತ್ತೇನೆ.

ಸುಣ್ಣ ಹಳೆಯದಾದರೆ ಈ ಯಾವುದೂ ನಡೆಯುವುದಿಲ್ಲ. ಗಾಳಿ ತಾಗಿದ ಸುಣ್ಣ ಮತ್ತೆ ಕಲ್ಲಿನ ಪುಡಿಯೇ ಆಗುತ್ತದೆ, ಎಷ್ಟು ಸುರಿದರೂ ಕತ್ತಿ ಕೆಂಪಾಗುತ್ತಲೇ ಇರುತ್ತದೆ. ನಾನು ಈಗ ಪುಡಿ ಪ್ಯಾಕೆಟ್ ಬಿಟ್ಟು ಸುಟ್ಟ ಸುಣ್ಣದ ಹರಳೇ ತಂದು ಹಿಂದಿನ ದಿನ ಅರಳಿಸುತ್ತೇನೆ.

ಮೈಲುತುತ್ತದಲ್ಲೂ ಬೆರಕೆ ಬರುತ್ತದೆ. ಕಬ್ಬಿಣದ ಸಲ್ಫೇಟ್ ಸೇರಿದ್ದರೆ ಹರಳು ಹಸಿರು ಛಾಯೆಯಲ್ಲಿ ಇರುತ್ತದೆ. ಕಣ್ಣನ್ನು ನಂಬದೆ ನಾನೊಂದು ಪರೀಕ್ಷೆ ಮಾಡುತ್ತೇನೆ. ಗಾಜಿನ ಲೋಟದಲ್ಲಿ ಚಿಟಿಕೆ ಕರಗಿಸಿ, ಲಿಕ್ವಿಡ್ ಅಮೋನಿಯಾ ಹನಿ ಹನಿಯಾಗಿ ಬಿಡುವುದು. ಮೊದಲು ತಿಳಿನೀಲಿ ಗಸಿ ಬರುತ್ತದೆ. ಇನ್ನೂ ಬಿಟ್ಟರೆ ಗಸಿ ಕರಗಿ ಕಡುನೀಲಿ ತಿಳಿಯಾಗುತ್ತದೆ, ನೋಡುವುದಕ್ಕೇ ಚೆಂದ. ತಳದಲ್ಲಿ ಕೊಳಕು ಹಸಿರೋ ಕಂದೋ ಗಸಿ ಉಳಿದರೆ ಅದು ಕಬ್ಬಿಣ. ಒಂದು ವರ್ಷ ಹೀಗೆ ಒಂದು ಚೀಲವನ್ನೇ ವಾಪಸ್ ಕೊಟ್ಟು ಬಂದೆ. ಅಂಗಡಿಯವನು ಲೋಟ ನೋಡಿ ಮರುಮಾತಾಡಲಿಲ್ಲ.

ನಡುವೆ ಬೇರೆ ಪ್ರಯೋಗವೂ ಆಯಿತು. ಸುಣ್ಣದ ಬದಲು ಬರೀ ಸೋಡಾ ಹಾಕಿ ಬರ್ಗಂಡಿ ದ್ರಾವಣ ಮಾಡಿದೆ. ನಾಝಲ್ ಕಟ್ಟುವುದಿಲ್ಲ, ಅದು ದೊಡ್ಡ ಅನುಕೂಲ. ಆದರೆ ಬೆಳಿಗ್ಗೆ ಮಾಡಿದ್ದು ಸಂಜೆಗೆ ಹರಳುಗಟ್ಟಲು ಶುರುವಾಯಿತು, ಮಳೆಗೂ ನಿಲ್ಲಲಿಲ್ಲ. ಮಳೆ ಬಂದು ಉಳಿದುಹೋದ ಬೋರ್ಡೋಗೆ 100 ಲೀಟರಿಗೆ 100 ಗ್ರಾಮಿನಷ್ಟು ಬೆಲ್ಲ ಹಾಕಿದರೆ ಮಾರನೇ ದಿನಕ್ಕೆ ಬರುತ್ತದೆ, ಇದು ಮಾತ್ರ ಖಂಡಿತ ಕೆಲಸಕ್ಕೆ ಬರುವ ಉಪಾಯ.

ದುಡ್ಡಿನ ಮಾತು. ನೆನಪಿನಿಂದ ಹೇಳುತ್ತಿದ್ದೇನೆ. ಎಕರೆಗೆ 550 ಮರ ಅಂದರೆ ನಾಲ್ಕು ಡ್ರಮ್. ಮೈಲುತುತ್ತ ಕೆಜಿಗೆ 300ರ ಆಸುಪಾಸು, ಎಕರೆಗೆ 8 ಕೆಜಿ. ಕೂಲಿ ಎಲ್ಲ ಸೇರಿ ಡ್ರಮ್ಮಿಗೆ ಒಂದೂವರೆ ಸಾವಿರಕ್ಕೆ ಕಮ್ಮಿ ಇಲ್ಲ. ಅಲ್ಲಿಗೆ ಒಂದು ಸಲ ಹೊಡೆಸಲು ಎಕರೆಗೆ ಎಂಟು ಒಂಬತ್ತು ಸಾವಿರ. ರಾಳ, ಸೋಡಾ, ಸೌದೆ ಎಲ್ಲ ಸೇರಿದರೂ ಎಕರೆಗೆ 800 ರೂಪಾಯಿ ದಾಟುವುದಿಲ್ಲ. ನನ್ನದು ಎರಡು ಎಕರೆ ಚಿಲ್ಲರೆ. ಮೂರನೇ ಸಲ ತಪ್ಪಿದ್ದಕ್ಕೆ ಎಲ್ಲ ಕಳೆದು 14–15 ಸಾವಿರ ಉಳಿಯಿತು. ಉದುರದೆ ಉಳಿದ ಕಾಯಿಯ ಬೆಲೆ ಬೇರೆಯೇ.

ಆಗಸ್ಟಿನಲ್ಲಿ ಎರಡನೇ ಸಲಕ್ಕೆ ಮರ ಹತ್ತಿದ ಕೊನೆಗೌಡ ಒಂದು ಕಾಯಿ ಕಿತ್ತು ಕೆಳಗೆ ಎಸೆದ. "ಹೆಗಡೇರೆ, ಹೋದ ಸಲದ್ದು ಇನ್ನೂ ಕೂತದೆ ನೋಡಿ" ಅಂದ. ತೊಟ್ಟಿನ ಸುತ್ತ ನೀಲಿ ಹಾಗೇ ಇತ್ತು. ಹೆಬ್ಬೆರಳಲ್ಲಿ ಉಜ್ಜಿದೆ, ನಲ್ಲಿಗೆ ಹಿಡಿದು ಉಜ್ಜಿದೆ, ಹೋಗಲಿಲ್ಲ. ಉಗುರು ಹಾಕಿ ಕೆರೆದರೆ ಮಾತ್ರ ಎದ್ದಿತು. ಆ ಕಾಯಿಯನ್ನು ಭಾವನ ಮನೆಗೇ ತೆಗೆದುಕೊಂಡು ಹೋಗಿ ತೋರಿಸಿದೆ. ಬರುವ ಮೇ ತಿಂಗಳಲ್ಲಿ ಅವನಿಗೂ ಐದಾರು ಡ್ರಮ್ಮಿಗಾಗುವಷ್ಟು ಸೋಪು ನಾನೇ ಕುದಿಸಿಕೊಡಬೇಕಂತೆ.

ಮಾಡಿ ನೋಡುವವರಿಗೆ ಇನ್ನೊಂದು ಮಾತು. ಕೆಲಸ ಮುಗಿದ ದಿನವೇ ಪಂಪಿಗೆ ಬಿಸಿ ಸೋಡಾ ನೀರು ಬಿಟ್ಟು, ಮೇಲೆ ಬರೀ ನೀರು ಬಿಟ್ಟು ತೊಳೆಯಿರಿ. ನಾಳೆ ನೋಡೋಣ ಅಂದರೆ ರಾಳ ವಾಲ್ವಿನಲ್ಲಿ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಬಿಚ್ಚಿ ಕೆರೆಯದೆ ಬೇರೆ ದಾರಿ ಇಲ್ಲ.