ಭಾರದ ಡೆಡ್‌ಲಿಫ್ಟ್‌ಗೆ ಯಾವ ಹಿಡಿತ?

ಡೆಡ್‌ಲಿಫ್ಟ್ ಎಂದರೆ ನೆಲದ ಮೇಲಿನ ಬಾರನ್ನು, ಅಂದರೆ ತೂಕದ ಬಿಲ್ಲೆ ಸಿಕ್ಕಿಸಿದ ಸರಳನ್ನು, ಎತ್ತಿ ನೆಟ್ಟಗೆ ನಿಲ್ಲುವುದು. ಬೆನ್ನಿನಲ್ಲೂ ಕಾಲಿನಲ್ಲೂ ಇನ್ನೂ ಕಸುವಿದೆ, ಬಾರ್ ಮಾತ್ರ ಬೆರಳುಗಳಿಂದ ಜಾರುತ್ತಿದೆ. ಹಿಡಿತ ಬದಲಿಸುವ ಯೋಚನೆ ಆಗ ಬಂದರೆ ಸಾಕು. ಅಲ್ಲಿಯವರೆಗೆ, ಅಂಗೈಗಳೆರಡೂ ತೊಡೆಯ ಕಡೆ ತಿರುಗಿರುವ ಸಾದಾ ಹಿಡಿತವನ್ನಲ್ಲದೆ ಬೇರೆಯದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಮುಂಗೈ ಬಲಿಯುವುದು ಅದರಲ್ಲೇ.

ಮೊದಲು ಬಾರ್ ಕೈಯಲ್ಲಿ ಎಲ್ಲಿ ಕೂರುತ್ತದೆ ನೋಡಿ. ಅಂಗೈಯ ನಡುವೆ ಇಟ್ಟು ಮುಷ್ಟಿ ಬಿಗಿದರೆ, ಎತ್ತುವಾಗ ಅದು ಹೇಗೂ ಬೆರಳಿನ ಬುಡಕ್ಕೆ ಇಳಿಯುತ್ತದೆ. ಇಳಿಯುತ್ತಾ ಚರ್ಮವನ್ನೂ ಮಡಚಿ ಎಳೆಯುತ್ತದೆ. ಜಡ್ಡುಗಟ್ಟಿದ ಚರ್ಮ ಕಿತ್ತುಬರುವುದು ಹೀಗೆ. ಆರಂಭದಲ್ಲೇ ಬೆರಳಿನ ಬುಡದಲ್ಲಿಡಿ. ಬೆವರು ಹೀರಲು ಚಾಕ್, ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ, ಹಚ್ಚಿಕೊಳ್ಳಿ. ಎಷ್ಟೋ ಜನರ ದೂರು ಇಲ್ಲಿಗೇ ಮುಗಿಯುತ್ತದೆ. ಬಾರ್‌ನ ದಪ್ಪವನ್ನೂ ಗಮನಿಸಿ: ಒಲಿಂಪಿಕ್ ವೇಟ್‌ಲಿಫ್ಟಿಂಗ್‌ನಲ್ಲಿ ಪುರುಷರ ಬಾರ್ 28 ಮಿ.ಮೀ., ಮಹಿಳೆಯರದು 25. ಸಣ್ಣ ಕೈಗೆ ಆ 3 ಮಿ.ಮೀ. ಸಣ್ಣದಲ್ಲ.

ಇಷ್ಟಾದರೂ ಜಾರಿದರೆ ನನ್ನ ಮತ ಹುಕ್ ಗ್ರಿಪ್‌ಗೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಸಂದನ್ನು ಬಾರ್‌ಗೆ ಒತ್ತಿ, ಹೆಬ್ಬೆರಳನ್ನು ಸುತ್ತಿ, ಅದರ ಮೇಲೆ ತೋರುಬೆರಳನ್ನೂ ನಡುಬೆರಳನ್ನೂ ಬಿಗಿಯಿರಿ. ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಆದ್ದರಿಂದ ವಾರ್ಮಪ್‌ನ ಹಗುರ ಭಾರದಲ್ಲೇ ಅಭ್ಯಾಸ ಮಾಡಿ. ಎರಡು ಕೈಗಳೂ ಒಂದೇ ರೀತಿ ದುಡಿಯುತ್ತವೆ ಎಂಬುದು ಇದರ ದೊಡ್ಡ ಗುಣ. ನಡುಬೆರಳು ಹೆಬ್ಬೆರಳಿನ ಉಗುರನ್ನು ಮುಟ್ಟದಿದ್ದರೆ ಮಾತ್ರ ಹಟ ಬೇಡ.

ಅಂಥವರಿಗೆ ಮಿಕ್ಸೆಡ್ ಗ್ರಿಪ್ ಇದೆ: ಒಂದು ಅಂಗೈ ತೊಡೆಯ ಕಡೆಗೆ, ಇನ್ನೊಂದು ಮುಂದಕ್ಕೆ. ಒಂದು ಕೈಯಿಂದ ಹೊರಕ್ಕೆ ಉರುಳಬೇಕಾದ ಬಾರ್ ಇನ್ನೊಂದು ಕೈಯ ಒಳಕ್ಕೆ ಉರುಳಬೇಕಾಗುತ್ತದೆ. ಹಾಗಾಗಿ ನಿಂತಲ್ಲೇ ನಿಲ್ಲುತ್ತದೆ. ಬೆಲೆಯೂ ಇದೆ. ಅಂಗೈ ಮುಂದಕ್ಕೆ ತಿರುಗಿದ ತೋಳಿನ ಮೊಣಕೈಯನ್ನು ಬಗ್ಗಿಸಿ ಎಳೆದರೆ ಬೈಸೆಪ್ಸ್‌ನ ಸ್ನಾಯುರಜ್ಜು ಹರಿಯಬಹುದು. ತೋಳು ನೇರವಾಗಿರಲಿ, ಹಗ್ಗದಂತೆ ಜೋತಿರಲಿ. ಕಡಿಮೆ ಭಾರದ ಸೆಟ್‌ಗಳಲ್ಲಿ ಕೈ ಅದಲುಬದಲು ಮಾಡಿ.

ಸ್ಟ್ರಾಪ್, ಅಂದರೆ ಮಣಿಕಟ್ಟನ್ನು ಬಾರ್‌ಗೆ ಬಿಗಿಯುವ ಪಟ್ಟಿ, ಕಟ್ಟಿಕೊಳ್ಳುವವರನ್ನು ಹೀಯಾಳಿಸುವ ಚಾಳಿ ನನಗೆ ಹಿಡಿಸದು. ರೊಮೇನಿಯನ್ ಡೆಡ್‌ಲಿಫ್ಟ್‌ನ (ಬಾರನ್ನು ನೆಲಕ್ಕಿಡದೆ ಸೊಂಟದಿಂದ ಬಾಗಿ ಏಳುವ ಬಗೆ) ಉದ್ದನೆಯ ಸೆಟ್‌ಗಳಲ್ಲಿ ಬೆನ್ನಿಗಿಂತ ಮೊದಲು ಬೆರಳು ಸೋಲುವುದರಲ್ಲಿ ಯಾವ ಲಾಭವೂ ಇಲ್ಲ. ಆದರೆ ಕ್ಲೀನ್ ಮಾಡುವಾಗ, ಅಂದರೆ ಬಾರನ್ನು ನೆಲದಿಂದ ಒಂದೇ ಸೆಳೆತಕ್ಕೆ ಭುಜಕ್ಕೆ ತರುವಾಗ, ಸ್ಟ್ರಾಪ್ ಬೇಡವೇ ಬೇಡ: ಎತ್ತುವಾಗ ಎಡವಟ್ಟಾದರೆ ಬಾರನ್ನು ಬಿಡಲಾಗದೆ ಮಣಿಕಟ್ಟು ಮುರಿದೀತು. ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಹೆಸರು ಕೊಟ್ಟವರು ಭಾರದ ಸೆಟ್‌ಗಳನ್ನು ಬರಿಗೈಯಲ್ಲೇ ಎತ್ತಿ. ಅಲ್ಲಿ ಸ್ಟ್ರಾಪ್‌ಗೆ ಅವಕಾಶವಿಲ್ಲ.