ಬ್ರೇಕ್ ಯಾವಾಗ ಕೂಗುತ್ತೆ?

ಮಂಡ್ಯದಲ್ಲಿ ನನ್ನದೊಂದು ಗ್ಯಾರೇಜ್ ಇದೆ. "ಬ್ರೇಕ್ ಸೌಂಡ್ ಬತ್ತದೆ, ಪ್ಯಾಡ್ ಹಾಕ್ಬುಡಣ್ಣ" ಅಂತಲೇ ಜಾಸ್ತಿ ಜನ ಬರುತ್ತಾರೆ. ಪ್ಯಾಡ್ ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕ್ ಅನ್ನೋ ತಟ್ಟೆಯನ್ನು ಒತ್ತಿ ಹಿಡಿಯುವ ತುಂಡು. ಅದನ್ನು ಹಾಕುವುದು ಸುಲಭ, ದುಡ್ಡೂ ಸಿಗುತ್ತೆ. ಆದರೂ ನಾನು ಮೊದಲು ಕೇಳುವುದು, ಸದ್ದು ಯಾವಾಗ ಬರುತ್ತೆ ಅಂತ. ಪೆಡಲ್ ಒತ್ತಿದಾಗಲೋ, ಬಿಟ್ಟಾಗಲೋ? ಬೆಳಿಗ್ಗೆ ಮಾತ್ರವೋ, ಇಡೀ ದಿನವೋ? ಎಷ್ಟು ಜೋರು ಅನ್ನುವುದಕ್ಕಿಂತ ಇದು ಮುಖ್ಯ.

ರಾತ್ರಿ ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಸರಸರ ಉಜ್ಜಿದರೆ ತಲೆ ಕೆಡಿಸಿಕೊಳ್ಳಬೇಡಿ. ಡಿಸ್ಕ್ ಬೀಡು ಕಬ್ಬಿಣದ್ದು, ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ. ನಾಲ್ಕೈದು ಸಲ ಬ್ರೇಕ್ ಹಿಡಿದರೆ ಪ್ಯಾಡೇ ಅದನ್ನು ಒರೆಸಿಬಿಡುತ್ತದೆ. ಇದ್ದಕ್ಕಿದ್ದ ಹಾಗೆ ಕಿರ್ರೋ ಅಂತ ಕಿರುಚಿದರೆ ಡಿಸ್ಕ್‌ಗೂ ಹಿಂದಿನ ತಗಡಿಗೂ ನಡುವೆ ಜಲ್ಲಿ ಚೂರು ಸಿಕ್ಕಿರಬಹುದು. ಸ್ವಲ್ಪ ರಿವರ್ಸ್ ತೆಗೆದುಕೊಂಡರೆ ಎಷ್ಟೋ ಸಲ ತಾನೇ ಉದುರುತ್ತದೆ.

ಸಣ್ಣಗೆ, ಬಿಡದೆ ಕೀಂಯ್ ಅನ್ನುವುದೇ ನಿಜವಾದ ಎಚ್ಚರಿಕೆ. ಬಹಳಷ್ಟು ಪ್ಯಾಡ್‌ಗಳಲ್ಲಿ ತಗಡಿನ ಒಂದು ಪುಟ್ಟ ನಾಲಿಗೆ ಇರುತ್ತದೆ. ಹೊಸದರಲ್ಲಿ ಸುಮಾರು 10 ಮಿ.ಮೀ. ದಪ್ಪ ಇರುವ ಪ್ಯಾಡ್ 2-3 ಮಿ.ಮೀ.ಗೆ ಸವೆದಾಗ ಆ ನಾಲಿಗೆ ಡಿಸ್ಕ್‌ಗೆ ತಾಗಿ ಕೂಗುತ್ತದೆ. ಕೂಗಲಿ ಅಂತಲೇ ಇಟ್ಟಿರುವುದು. ಅದಕ್ಕೆ ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿಕೊಂಡು ಓಡಿಸುವವರೂ ಇದ್ದಾರೆ ಬಿಡಿ! ಅವರು ಮುಂದೆ ಕೇಳುವುದು ಗರಗರ ಸದ್ದು. ಅಷ್ಟೊತ್ತಿಗೆ ಪ್ಯಾಡ್ ಮುಗಿದು, ಅದರ ಕಬ್ಬಿಣದ ಪ್ಲೇಟೇ ಡಿಸ್ಕ್ ತಿನ್ನುತ್ತಿರುತ್ತದೆ. ಹಾಗಾದರೆ ಗಾಡಿ ಓಡಿಸಬೇಡಿ, ಮೆಕ್ಯಾನಿಕ್‌ನನ್ನೇ ಕರೆಸಿ.

ಪ್ಯಾಡ್ ಹೊಸದಾದರೂ ಸದ್ದು ಮತ್ತೆ ಬರುತ್ತೆ ಅನ್ನುವವರ ಗಾಡಿ ನನಗೆ ಇಷ್ಟ. ಈಚೆಗೆ ಒಂದು ಬಂದಿತ್ತು. ಓಡುವಾಗ ಶ್ ಅನ್ನುತ್ತಿತ್ತು, ಬ್ರೇಕ್ ಒತ್ತಿದರೆ ಸುಮ್ಮನಾಗುತ್ತಿತ್ತು. ಬಲಗಡೆ ಮುಂದಿನ ಚಕ್ರ ಉಳಿದವಕ್ಕಿಂತ ಬಿಸಿ. ಜಾಕ್ ಕೊಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿ ಚಕ್ರ ಬಿಚ್ಚಿದೆ. ಹೊರಗಿನ ಪ್ಯಾಡ್ ಮುಕ್ಕಾಲು ಹಾಗೇ ಇತ್ತು, ಒಳಗಿನದು ಬಿಸ್ಕತ್ತಿನಷ್ಟೂ ಉಳಿದಿರಲಿಲ್ಲ. ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಜಾರುವ ಕೆಳಗಿನ ಪಿನ್ ಹಿಡಿದುಕೊಂಡಿತ್ತು. ಅದನ್ನು ಮುಚ್ಚುವ ರಬ್ಬರ್ ಬೂಟ್ ಹರಿದು ಒಳಗೆಲ್ಲ ಕೆಸರು. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್‌ಗಳು ಗದ್ದೆಯ ಮಣ್ಣನ್ನು ರಸ್ತೆಗೆ ತರುತ್ತವೆ ಅಲ್ವಾ, ನಮ್ಮ ಕಡೆ ಇದು ಮಾಮೂಲಿ. ಪಿನ್ ಕೀಳಲು ಇಕ್ಕಳ ಹಾಕಿ ತಿರುಗಿಸಿ ತಿರುಗಿಸಿ ಎಳೆಯಬೇಕಾಯಿತು. ತುಕ್ಕು ಉಜ್ಜಿ, ಹೊಸ ಬೂಟ್ ಹಾಕಿ, ಸಿಲಿಕಾನ್ ಗ್ರೀಸ್ ಹಚ್ಚಿದೆ. ಇಲ್ಲಿ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಸಿಕ್ಕಿಹಾಕಿಕೊಳ್ಳುತ್ತದೆ. ಬೆರಳಲ್ಲಿ ತಳ್ಳಿದರೆ ಪಿನ್ ಜಾರಬೇಕು, ಅಷ್ಟಾದ ಮೇಲೇ ಹೊಸ ಪ್ಯಾಡ್, ಅದೂ ಮುಂದಿನ ಎರಡೂ ಚಕ್ರಕ್ಕೆ.

ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟ ಇಳಿದು ಬಂದ ಮೇಲೆ ಬ್ರೇಕ್ ಕೂಗುತ್ತೆ ಅನ್ನುವವರೂ ಬರುತ್ತಾರೆ. ಕಾಲು ಎತ್ತದೆ ಬ್ರೇಕ್ ಮೇಲೇ ಇಳಿದರೆ ಪ್ಯಾಡ್ ಕಾದು ಮೇಲ್ಮೈ ಗಾಜಿನ ಹಾಗೆ ನುಣ್ಣಗಾಗುತ್ತದೆ. ಹೊಳಪು ಮೇಲೆ ಮೇಲೆ ಇದ್ದರೆ ಎಮರಿ ಕಾಗದದಲ್ಲಿ ಉಜ್ಜಿದರೆ ಸಾಕು. ಇಳಿಜಾರಿನಲ್ಲಿ ಸೆಕೆಂಡ್ ಗೇರ್‌ಗೆ ಹಾಕಿ, ಎಂಜಿನ್ನೇ ಗಾಡಿ ಹಿಡಿದುಕೊಳ್ಳುತ್ತದೆ.

ಇನ್ನೊಂದು ಇದೆ, ರಿಪೇರಿಯೇ ಬೇಡದ್ದು. ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಪೆಡಲ್ ಗರ್ ಅಂತ ಕಾಲಿನಡಿ ಅದುರಿದರೆ ಅದು ಎಬಿಎಸ್, ಅಂದರೆ ಚಕ್ರ ಲಾಕ್ ಆಗಿ ಜಾರದ ಹಾಗೆ ತಡೆಯುವ ವ್ಯವಸ್ಥೆ, ಕೆಲಸ ಮಾಡುವ ಸದ್ದು. ಹೆದರಿ ಕಾಲು ತೆಗೆಯಬೇಡಿ, ಒತ್ತಿಯೇ ಹಿಡಿದಿರಿ.